ತೀರ್ಪು ಮುಗಿದಲ್ಲಿಂದ ಓದಲು ಆರಂಭಿಸಿದೆ

ಇಂಗ್ಲೆಂಡಿನ ಟಿಪ್ಪಿಂಗ್ ಪ್ರಕರಣವನ್ನು ನಾನು ಹತ್ತು ಹನ್ನೆರಡು ವರ್ಷ ಪಾಠ ಮಾಡಿದ್ದೆ. ಸೇಂಟ್ ಹೆಲೆನ್ಸ್‌ನ ತಾಮ್ರ ಕರಗಿಸುವ ಕಾರ್ಖಾನೆಯ ಹೊಗೆಯಿಂದ ಮರಗಿಡಗಳನ್ನು ಕಳೆದುಕೊಂಡ ಜಮೀನುದಾರ ಟಿಪ್ಪಿಂಗನಿಗೆ ದೊರೆತ ಸುಮಾರು 361 ಪೌಂಡ್ ಪರಿಹಾರವನ್ನು 1865ರಲ್ಲಿ ಅಂದಿನ ಅತ್ಯುನ್ನತ ಮೇಲ್ಮನವಿ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ಎತ್ತಿಹಿಡಿಯಿತು, ಆಸ್ತಿಹಾನಿಗೂ ಬರಿಯ ಕಿರಿಕಿರಿಗೂ ನಡುವೆ ಗೆರೆ ಎಳೆಯಿತು ಎಂಬಲ್ಲಿಗೆ ನನ್ನ ಪಾಠ ನಿಲ್ಲುತ್ತಿತ್ತು. ಗೆದ್ದವನು ಮತ್ತೆ, ತಡೆಯಾಜ್ಞೆಯಂತಹ ಪರಿಹಾರ ಕೊಡುತ್ತಿದ್ದ ಚಾನ್ಸರಿ ನ್ಯಾಯಾಲಯಕ್ಕೆ ಹೋಗಿ ತಡೆಯಾಜ್ಞೆಯನ್ನೂ ಪಡೆದನೆಂದು ತಡವಾಗಿ ಓದಿದ ದಿನವೇ ನನ್ನ ಕೆಲಸದ ದಾರಿ ಬದಲಾಯಿತು.

ಒಂದು ಕಾರ್ಖಾನೆಯನ್ನು ಹಿಡಿದು, ತೀರ್ಪಿನ ಮುಂದಿನ ಇಪ್ಪತ್ತು ವರ್ಷಗಳ ದಾಖಲೆಗಳನ್ನೆಲ್ಲ ಒಂದೇ ಕಾಲಾನುಕ್ರಮದಲ್ಲಿ ಜೋಡಿಸುವುದು ನನ್ನ ವಿಧಾನ. ಇದು ಕಾನೂನಲ್ಲ, ಗುಮಾಸ್ತಿಕೆ ಎಂದು ಹಿರಿಯರೊಬ್ಬರು ನೇರವಾಗಿಯೇ ಹೇಳಿದರು. ಮೂರು ಬಾರಿ ಅನುದಾನದ ಅರ್ಜಿ ತಿರಸ್ಕೃತವಾಯಿತು. ಪತ್ರಾಗಾರಗಳ ನಕಲು ಶುಲ್ಕಕ್ಕೇ ನನ್ನ ಉಳಿತಾಯದ ಅರ್ಧಕ್ಕಿಂತ ಹೆಚ್ಚು ಹೋಯಿತು.

ಮೊದಲ ಎರಡು ವರ್ಷ ವ್ಯರ್ಥವಾದವು. ವರದಿಯಾದ ತೀರ್ಪುಗಳನ್ನು, ನೆನಪಿನಂತೆ ನಾನೂರರಷ್ಟು, ಕೋಷ್ಟಕಕ್ಕಿಳಿಸಿ ಗೆಲುವು ಸೋಲುಗಳನ್ನು ಎಣಿಸಿದೆ. ಮುದ್ರಿತ ವರದಿಗೆ ಬಾರದೆ ರಾಜಿಯಾದ ದಾವೆಗಳು ಆ ಲೆಕ್ಕದಲ್ಲಿ ಇರಲೇ ಇಲ್ಲವಾದ್ದರಿಂದ ಇಡೀ ಕೋಷ್ಟಕವನ್ನು ಕೈಬಿಡಬೇಕಾಯಿತು. ಅಂತಹ ದಾವೆಗಳನ್ನು ಪತ್ತೆಹಚ್ಚಲು ಆಮೇಲೆ ನಾನು ಕಟ್ಟಿದ ಸೂಚಿಯ ವಿವರವನ್ನು, ಮುಂದಿನ ಪುಸ್ತಕ ಮುಗಿಯುವವರೆಗೆ, ಹೇಳಲಾರೆ. ನಡುವೆ ಗಾಳಿಯ ದಿಕ್ಕಿನ ನಕ್ಷೆಯ ಮೇಲೆ ದೂರುಗಳನ್ನು ಗುರುತಿಸಿಯೂ ನೋಡಿದೆ. ದೂರುಗಳು ಗಾಳಿಯ ಬೆನ್ನು ಹಿಡಿದಿರಲಿಲ್ಲ, ದಾವೆಯ ಖರ್ಚನ್ನು ತಾಳಬಲ್ಲ ಜಮೀನುದಾರರು ಇದ್ದ ಕಡೆಗಳಲ್ಲೇ ಗುಂಪುಗೂಡಿದ್ದವು. ಆರು ತಿಂಗಳ ಆ ಅಡ್ಡಪ್ರಯೋಗದಿಂದ ಉಳಿದದ್ದು ಇದೊಂದೇ, ಆದರೆ ಇದು ಸಣ್ಣದಲ್ಲ.

ವಿಧಾನ ಕೈಹಿಡಿದದ್ದು ಕ್ಷಾರ ಕಾರ್ಖಾನೆಗಳ ಹೊಗೆಯನ್ನು ನಿಯಂತ್ರಿಸಿದ 1863ರ ಆಲ್ಕಲಿ ಕಾಯಿದೆಯಲ್ಲಿ. ಉಪ್ಪಿನಿಂದ ಸೋಡಾ ತಯಾರಿಸುವ ಲೆಬ್ಲಾಂಕ್ ಕುಲುಮೆಗಳ ಹೈಡ್ರೋಕ್ಲೋರಿಕ್ ಆಮ್ಲದ ಅನಿಲದಲ್ಲಿ ಶೇಕಡಾ 95ನ್ನು ಹಿಡಿದಿಡಬೇಕೆಂಬ ನಿಯಮವನ್ನು ಬಹುಪಾಲು ಕಾರ್ಖಾನೆಗಳು ಪಾಲಿಸಿದವೆಂದು ಮೊದಲ ಇನ್ಸ್‌ಪೆಕ್ಟರ್ ರಾಬರ್ಟ್ ಆಂಗಸ್ ಸ್ಮಿತ್ ಅವರ ವಾರ್ಷಿಕ ವರದಿಗಳು ಹೇಳುತ್ತವೆ, ಮತ್ತು ಪಠ್ಯಪುಸ್ತಕಗಳು ಅದನ್ನು ಯಶಸ್ಸೆಂದು ಬರೆದು ಮುಂದೆ ಸಾಗುತ್ತವೆ. ಅದೇ ವರ್ಷಗಳ ನದಿಮಾಲಿನ್ಯದ ದಾಖಲೆಗಳನ್ನು ಪಕ್ಕದಲ್ಲಿಟ್ಟಾಗ, ನೀರಿನಲ್ಲಿ ಕರಗಿಸಿ ಹಿಡಿದ ಆಮ್ಲದಲ್ಲಿ ಬಹಳಷ್ಟು ಹಳ್ಳಗಳಿಗೆ ಹರಿದು, ಕ್ಷಾರದ ಕಸದೊಡನೆ ಬೆರೆತು, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡನ್ನು ಬಿಡುತ್ತಿದ್ದುದು ಕಂಡಿತು. ಗಾಳಿಯ ಕಾಯಿದೆ ಗೆದ್ದಲ್ಲೇ ನೀರು ಸೋತಿತ್ತು. ಶೇಕಡಾವಾರು ಮಿತಿಯ ಇನ್ನೊಂದು ದೋಷವೂ ಹೀಗೆಯೇ ತೆರೆದುಕೊಂಡಿತು: ಉತ್ಪಾದನೆ ಇಮ್ಮಡಿಯಾದರೆ ಉಳಿದ ಐದು ಪಾಲೂ ಇಮ್ಮಡಿಯಾಗುತ್ತದೆ. 1874ರ ತಿದ್ದುಪಡಿ ಘನ ಅಡಿಗೆ 0.2 ಗ್ರೇನ್ (ಗ್ರೇನ್ ಎಂದರೆ ತೂಕದ ಒಂದು ಸಣ್ಣ ಅಳತೆ) ಎಂಬ ಸಾಂದ್ರತೆಯ ಮಿತಿಯನ್ನು ಏಕೆ ತಂದಿತೆಂದು ನಾನು ಅರಿತದ್ದು ಆಗಲೇ.

ಈ ಅಧ್ಯಾಯವನ್ನು ಕಾನೂನಿನ ನಿಯತಕಾಲಿಕವೊಂದು ತಿದ್ದುಪಡಿಯಿಲ್ಲದೆ ಸ್ವೀಕರಿಸಿತು. ಗುಮಾಸ್ತಿಕೆ ಎಂದಿದ್ದ ಹಿರಿಯರು ಕಳೆದ ವರ್ಷ ತಮ್ಮ ಸಂಶೋಧನಾ ವಿದ್ಯಾರ್ಥಿಯನ್ನು ನನ್ನ ಬಳಿಗೆ ಕಳುಹಿಸಿದ್ದಾರೆ. ಆತ ಈಗ 1876ರ ನದಿಮಾಲಿನ್ಯ ಕಾಯಿದೆಯ ಮೇಲೆ ಇದೇ ಕ್ರಮದಲ್ಲಿ ಕೆಲಸ ಮಾಡುತ್ತಿದ್ದಾನೆ.