ಗುಡ್ಡದ ಹುಲ್ಲುಗಾವಲು ಎಷ್ಟು ದನ ತಡೆದೀತು: ಲೆಕ್ಕ ಹಾಕುವ ಬಗೆ

50 ಸೆಂ.ಮೀ. ಉದ್ದಗಲದ ಕಬ್ಬಿಣದ ಚೌಕಟ್ಟು, ಕತ್ತರಿ, ಕಾಗದದ ಚೀಲ, ಗ್ರಾಂ ತೋರಿಸುವ ತಕ್ಕಡಿ. ಇಷ್ಟು ಸಾಕು.

ಹುಲ್ಲು ಪೂರ್ತಿ ಬೆಳೆದ ಮೇಲೆ ಗುಡ್ಡದ ಮೇಲಿಂದ ಕೆಳಗೆ ನೇರ ಗೆರೆ ಹಿಡಿದು ನಡೆಯಿರಿ. ಪ್ರತಿ 50 ಹೆಜ್ಜೆಗೆ ಚೌಕಟ್ಟನ್ನು ಕಾಲ ಬುಡದಲ್ಲೇ ಇಡಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಕಣ್ಣು ಹಸಿರಿನತ್ತ ಎಳೆಯುತ್ತದೆ, ಬರೀ ಕಲ್ಲಿದ್ದ ಜಾಗ ಬಿಟ್ಟುಹೋಗುತ್ತದೆ, ಲೆಕ್ಕ ಉಬ್ಬುತ್ತದೆ. ಕಲ್ಲು ಬಂದರೆ ಸೊನ್ನೆ ಎಂದೇ ಬರೆಯಿರಿ.

ದನ ಮುಟ್ಟದ ಗಿಡ, ಹೋದ ವರ್ಷದ ಒಣ ಕಡ್ಡಿ ತೆಗೆದು, ಉಳಿದದ್ದನ್ನು ನೆಲಮಟ್ಟಕ್ಕೆ ಕತ್ತರಿಸಿ. ಪ್ಲಾಸ್ಟಿಕ್ ಚೀಲ ಬೇಡ, ಬೂಷ್ಟು ಹಿಡಿಯುತ್ತದೆ. ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ. ಎಲ್ಲ ಚೌಕಗಳ ಸರಾಸರಿ ಗ್ರಾಂ ಅನ್ನು 40ರಿಂದ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಕಿಲೊ ಎಂದು ಸಿಗುತ್ತದೆ.

ಸರಾಸರಿ 30 ಗ್ರಾಂ ಬಂತೆನ್ನಿ: 1,200 ಕಿಲೊ. ಅದರಲ್ಲಿ ಮೇಯಿಸಲು ಶೇ. 30 ಮಾತ್ರ, ಅಂದರೆ 360 ಕಿಲೊ. ಮಿಕ್ಕಿದ್ದು ತುಳಿತಕ್ಕೆ, ಹುಳುಹುಪ್ಪಟೆಗೆ, ಬೇರಿನ ಬಲಕ್ಕೆ. 300 ಕಿಲೊ ತೂಗುವ ಹಸು ದಿನಕ್ಕೆ ಸುಮಾರು 7.5 ಕಿಲೊ ಒಣಮೇವು ತಿನ್ನುತ್ತದೆ. ಅಂದರೆ ಒಂದು ಹೆಕ್ಟೇರು ಒಂದು ಹಸುವಿಗೆ 48 ದಿನದ ಮೇವು.

ಇದು ಸಮತಟ್ಟಿನ ಲೆಕ್ಕ. ಇಳಿಜಾರು ಶೇ. 10 (ಅಡ್ಡಕ್ಕೆ 100 ಮೀಟರಿಗೆ 10 ಮೀಟರ್ ಏರು) ದಾಟಿದರೆ ಸಿಕ್ಕ ಮೇವಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಕಳೆಯಿರಿ, ಇಳಿಜಾರು ಶೇ. 30 ದಾಟಿದರೆ ಮೇವಿನ ಶೇ. 60 ಕಳೆಯಿರಿ. ಶೇ. 60ಕ್ಕಿಂತ ಕಡಿದಾದ ಜಾಗವನ್ನು ದನಗಳ ಲೆಕ್ಕಕ್ಕೆ ಹಿಡಿಯಲೇಬೇಡಿ. ಮೇಕೆಗಳ ಮಾತು ಬೇರೆ. ನೀರು 3 ಕಿ.ಮೀ. ದೂರವಿದ್ದರೆ ಅಲ್ಲಿನ ಹುಲ್ಲು ಇದ್ದೂ ಇಲ್ಲದಂತೆಯೇ. ದನ ಹೊಳೆಯಂಚಿನಲ್ಲೇ ನಿಂತು ಅದನ್ನು ಬೋಳು ಮಾಡುತ್ತದೆ. ಅದನ್ನು ಅಲ್ಲಿಂದ ಮೇಲಕ್ಕೆ ಸೆಳೆಯಲು, ದನ ನೆಕ್ಕುವ ಉಪ್ಪಿನ ಗಡ್ಡೆಯನ್ನು ನೀರಿನಿಂದ ಅರ್ಧ ಕಿ.ಮೀ.ಯಾದರೂ ದೂರ, ಮೇಲ್ಭಾಗದಲ್ಲಿಡಿ.