ಎಚ್‌ಆರ್ ಬಾಯಿಪಾಠ ಬೇಡ, ಬೈತಖೋಲ ಬಂದರಿಗೆ ಹೋಗಿ ಬನ್ನಿ

ಬಿಬಿಎ ಓದುವ ಮಕ್ಕಳು ಪರೀಕ್ಷೆಗೆ ವಾರ ಇರುವಾಗ ನನ್ನ ಹತ್ತಿರ ಬಂದು ಒಂದೇ ಮಾತು ಹೇಳುತ್ತಾರೆ: 'ಸರ್, ಅಕೌಂಟ್ಸ್ ಹೇಗೋ ಆಗುತ್ತದೆ. ಈ ಎಚ್‌ಆರ್ ಮಾತ್ರ ಎಷ್ಟು ಓದಿದರೂ ತಲೆಯಲ್ಲಿ ನಿಲ್ಲುವುದಿಲ್ಲ.'

ಹೇಗೆ ನಿಲ್ಲಬೇಕು? ಅರ್ಥ, ಲಕ್ಷಣ, ಉದ್ದೇಶ, ಅನುಕೂಲ ಅಂತ ಪಟ್ಟಿ ಮಾಡಿ ಓದಿದರೆ ಎಲ್ಲ ಅಧ್ಯಾಯಗಳೂ ಒಂದೇ ಥರ ಕಾಣುತ್ತವೆ. ಎಚ್‌ಆರ್, ಅಂದರೆ ಮಾನವ ಸಂಪನ್ಮೂಲ ನಿರ್ವಹಣೆ, ಇರುವುದೇ ಕೆಲಸ ಮಾಡುವ ಜನರ ಬಗ್ಗೆ. ಆ ಜನರನ್ನು ಕಣ್ಣೆದುರು ಇಟ್ಟುಕೊಂಡು ಓದಬೇಕು. ಕಾರವಾರ, ಕುಮಟಾ, ಶಿರಸಿ ಕಡೆಯ ಮಕ್ಕಳು ಅದಕ್ಕಾಗಿ ದೂರ ಹೋಗಬೇಕಾಗಿಲ್ಲ. ಕಾರವಾರದ ಮೀನುಗಾರಿಕೆ ಬಂದರು ಬೈತಖೋಲವೇ ಇದೆ.

ಮೊದಲ ಕೆಲಸ: ಒಂದು ಜಾಗ ಹಿಡಿಯಿರಿ

ಸೆಮಿಸ್ಟರ್ ಶುರುವಾದ ವಾರವೇ ಒಂದು ಕೆಲಸದ ಜಾಗ ಆರಿಸಿಕೊಳ್ಳಿ. ಮೀನಿನ ಬೋಟು, ಅಡಿಕೆ ವಖಾರಿ, ಗೋಡಂಬಿ ಕಾರ್ಖಾನೆ, ಹೋಟೆಲ್, ಯಾವುದಾದರೂ ಸರಿ. ಪ್ರತಿ ಅಧ್ಯಾಯವನ್ನೂ ಅದೇ ಜಾಗಕ್ಕೆ ಹಚ್ಚಿ ನೋಡಿ.

ನಾನು ಜಾಸ್ತಿ ಹೇಳುವುದು ಬೋಟಿನ ಉದಾಹರಣೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಆಗ ಹೊರ ರಾಜ್ಯದ ಖಲಾಸಿಗಳು, ಅಂದರೆ ಬೋಟಿನ ಕೆಲಸಗಾರರು, ತಮ್ಮ ಊರಿಗೆ ಹೋಗುತ್ತಾರೆ. ಆಗಸ್ಟ್ 1ಕ್ಕೆ ಬೋಟು ಹೊರಡಬೇಕು. ಎಷ್ಟು ಜನ ಬೇಕು? ಹೋದವರಲ್ಲಿ ಎಷ್ಟು ಜನ ವಾಪಸ್ ಬರುತ್ತಾರೆ? ಬರದಿದ್ದರೆ ಯಾರನ್ನು ಕರೆಯುವುದು? ಮಾಲೀಕರು ಮನಸ್ಸಿನಲ್ಲೇ ಹಾಕುವ ಈ ಲೆಕ್ಕಕ್ಕೆ ಪುಸ್ತಕದಲ್ಲಿ ಮಾನವ ಸಂಪನ್ಮೂಲ ಯೋಜನೆ ಎಂದು ಹೆಸರು. ಹಳೆಯ ಖಲಾಸಿಯ ಮಾತಿನ ಮೇಲೆ ಅವನೂರಿನ ನಾಲ್ವರು ಕೆಲಸ ಕೇಳಿಕೊಂಡು ಬಂದರೆ ಅಲ್ಲಿಗೆ ನೇಮಕಾತಿ. ಆ ನಾಲ್ವರಲ್ಲಿ ಬಲೆ ಎಳೆದು ಗೊತ್ತಿರುವ ಇಬ್ಬರನ್ನು ಬೋಟು ನಡೆಸುವ ತಾಂಡೇಲರು ಇಟ್ಟುಕೊಂಡರೆ ಅದು ಆಯ್ಕೆ. ಪ್ರತಿ ವರ್ಷ ಮಕ್ಕಳು ಇವೆರಡನ್ನೂ ಕಲಸಿ ಬರೆದು ಅಂಕ ಕಳೆದುಕೊಳ್ಳುತ್ತಾರೆ. ಬೋಟು ನೆನಪಿದ್ದರೆ ಹಾಗಾಗುವುದಿಲ್ಲ.

ಶಿರಸಿ ಕಡೆಯವರು ಕೊನೆಗೌಡರನ್ನು ನೋಡಿ

ಕೊನೆಗೌಡರೆಂದರೆ ಅಡಿಕೆ ಕೊನೆ ಕೊಯ್ಯುವವರು. ಅಡಿಕೆ ಮರ ಹತ್ತುವುದು, ಹದ ನೋಡಿ ಕೊನೆ ಕೊಯ್ಯುವುದು, ಹಗ್ಗದಲ್ಲಿ ಇಳಿಸುವುದು, ಮಳೆಗಾಲದಲ್ಲಿ ಕೊಳೆ ಬರದಂತೆ ಬೋರ್ಡೋ ದ್ರಾವಣ ಹೊಡೆಯುವುದು. ಇಷ್ಟನ್ನು ಬರೆದರೆ ಜಾಬ್ ಡಿಸ್ಕ್ರಿಪ್ಷನ್ ಆಯಿತು. ಗಟ್ಟಿ ಕೈಕಾಲು, ಎತ್ತರದ ಭಯ ಇಲ್ಲದಿರುವುದು, ಹದ ಗೊತ್ತಿರುವ ಕಣ್ಣು ಇರಬೇಕು ಎಂದು ಬರೆದರೆ ಜಾಬ್ ಸ್ಪೆಸಿಫಿಕೇಷನ್. ಮೊದಲನೆಯದು ಕೆಲಸದ ಬಗ್ಗೆ, ಎರಡನೆಯದು ಆಳಿನ ಬಗ್ಗೆ.

ಇನ್ನೊಂದು ಪ್ರಶ್ನೆ ಕೇಳಿಕೊಳ್ಳಿ. ಕೂಲಿ ಚೆನ್ನಾಗಿದ್ದರೂ ಹೊಸ ಹುಡುಗರು ಯಾಕೆ ಈ ಕೆಲಸಕ್ಕೆ ಬರುತ್ತಿಲ್ಲ? ಮರದಿಂದ ಬಿದ್ದರೆ ಮುಂದಿನ ಬದುಕು ಏನು ಎಂಬ ಹೆದರಿಕೆ ಇದೆ, ಅಲ್ವಾ? 1943ರಲ್ಲಿ ಮನಶ್ಶಾಸ್ತ್ರಜ್ಞ ಮಾಸ್ಲೋ ಹೇಳಿದ ಅಗತ್ಯಗಳ ಮೆಟ್ಟಿಲಿನಲ್ಲಿ ಸುರಕ್ಷತೆ ಕೆಳಗಿನಿಂದ ಎರಡನೆಯದು. ಹರ್ಜ್‌ಬರ್ಗ್ ಎಂಬ ಇನ್ನೊಬ್ಬ ಮನಶ್ಶಾಸ್ತ್ರಜ್ಞರ ಪ್ರಕಾರ ಸಂಬಳ ಸರಿ ಇಲ್ಲದಿದ್ದರೆ ಅಸಮಾಧಾನ ಬರುತ್ತದೆ, ಆದರೆ ಸಂಬಳ ಒಂದರಿಂದಲೇ ಹುಮ್ಮಸ್ಸು ಬರುವುದಿಲ್ಲ. ಈ ಇಬ್ಬರನ್ನೂ ತೋಟದಲ್ಲಿ ನಿಂತು ಓದಿದರೆ ಬೇಗ ಅರ್ಥವಾಗುತ್ತಾರೆ.

ಆಮೇಲೆ ಒಂದು ಪೇ ಸ್ಲಿಪ್ ಬಿಡಿಸಿ

ಮನೆಯಲ್ಲಿ ಅಕ್ಕ, ಮಾವ ಯಾರಾದರೂ ಕಂಪನಿ ಕೆಲಸದಲ್ಲಿದ್ದರೆ ಅವರ ಪೇ ಸ್ಲಿಪ್ ತೋರಿಸಲು ಕೇಳಿ. ಬೇಸಿಕ್ (ಮೂಲ ವೇತನ) ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000 ರೂಪಾಯಿ ಎಂದುಕೊಳ್ಳಿ. ಪಿಎಫ್‌ಗೆ, ಅಂದರೆ ಭವಿಷ್ಯ ನಿಧಿಗೆ, ಶೇ 12ರಂತೆ 1,800 ಕಡಿತ. ಕಂಪನಿಯೂ ಅಷ್ಟೇ ಹಾಕುತ್ತದೆ, ಅದರಲ್ಲಿ 1,250 ಪಿಂಚಣಿ ನಿಧಿಗೆ, ಉಳಿದ 550 ಪಿಎಫ್ ಖಾತೆಗೆ. ಇಎಸ್‌ಐ (ಕಾರ್ಮಿಕರ ವಿಮೆ) ಇದ್ದರೆ ಕೆಲಸಗಾರರ ಪಾಲು ಸಂಬಳದ ಶೇ 0.75, ಕಂಪನಿಯದ್ದು ಶೇ 3.25. ಗ್ರಾಚ್ಯುಟಿಗೆ, ಅಂದರೆ ಸೇವೆಯ ಕೊನೆಗೆ ಸಿಗುವ ಇಡಿಗಂಟಿಗೆ, ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎಯನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಅದನ್ನು ಸೇವೆಯ ವರ್ಷಗಳಿಂದ ಗುಣಿಸಿ. 26,000 ಪಡೆಯುತ್ತಿದ್ದವರು 20 ವರ್ಷ ದುಡಿದು ನಿವೃತ್ತರಾದರೆ 3 ಲಕ್ಷ. ಕೈಯಾರೆ ಎರಡು ಸಲ ಮಾಡಿ ನೋಡಿ.

ಇಲ್ಲಿ ಒಂದು ಎಚ್ಚರಿಕೆ. ಸೀನಿಯರ್ಸ್ ಕೊಟ್ಟ ನೋಟ್ಸ್‌ನಲ್ಲಿ ಹಳೆಯ ಕಾಯ್ದೆಗಳೇ ಇರುತ್ತವೆ. ಕೇಂದ್ರದ 29 ಕಾರ್ಮಿಕ ಕಾಯ್ದೆಗಳ ಬದಲು ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ನಿಮ್ಮ ಸಿಲೆಬಸ್‌ನಲ್ಲಿ ಯಾವುದು ಇದೆ ಎಂದು ಮೇಷ್ಟ್ರನ್ನು ಕೇಳಿಕೊಳ್ಳಿ. ಇಂಟರ್‌ವ್ಯೂಗೆ ಹೋಗುವಾಗ ಮಾತ್ರ ಹೊಸದು ಗೊತ್ತಿರಲೇಬೇಕು.

ಪ್ರಾಜೆಕ್ಟ್ ಬಗ್ಗೆ

ಇದನ್ನು ಮನಸ್ಸಿಗೆ ನೋವಾಗಿಯೇ ಹೇಳುತ್ತಿದ್ದೇನೆ. 50 ಪ್ರಶ್ನಾವಳಿಗಳನ್ನು ಹಾಸ್ಟೆಲ್‌ನಲ್ಲಿ ಕೂತು ತಾವೇ ತುಂಬಿ ತರುವ ಮಕ್ಕಳಿದ್ದಾರೆ. ದಯವಿಟ್ಟು ಬೇಡ. ನಿಜವಾಗಿ ಮಾತಾಡಿಸಿದ ಎಂಟು ಜನರ ಮಾತು ಸಾಕು, ಪೈ ಚಾರ್ಟ್ ಸುಮ್ನೆ ಬಣ್ಣಕ್ಕೆ ಬೇಡ. ಮಾಲೀಕರನ್ನು ಕೇಳಿಕೊಂಡು ಹೋಗಿ, ಆದರೆ ಕೆಲಸಗಾರರನ್ನು ಅವರ ಎದುರಿಗೆ ಮಾತಾಡಿಸಬೇಡಿ. ಹೆಸರು ಬರೆಯುವುದಿಲ್ಲ ಎಂದು ಮೊದಲೇ ಹೇಳಿ, ಹಾಗೇ ನಡೆದುಕೊಳ್ಳಿ. 'ನಿಮಗೆ ತೃಪ್ತಿ ಇದೆಯೇ' ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ. 'ಕಳೆದ ಸಲ ಹುಷಾರಿಲ್ಲದಾಗ ರಜೆ ಹೇಗೆ ಸಿಕ್ಕಿತು' ಎಂದು ಕೇಳಿ, ಆಗ ವಿಷಯ ಹೊರಗೆ ಬರುತ್ತದೆ.

ಬಂದರಿಗೆ ಹೋಗುವುದಾದರೆ ಮೀನು ಇಳಿಸುವ ಹೊತ್ತಿಗೆ ಹೋಗಬೇಡಿ, ಯಾರಿಗೂ ಪುರುಸೊತ್ತು ಇರುವುದಿಲ್ಲ. ಬಲೆ ಹೊಲಿಯುತ್ತಾ ಕೂತಿರುವಾಗ ಹೋಗಿ ಪಕ್ಕದಲ್ಲಿ ಕೂತುಕೊಳ್ಳಿ.