ಎರಡು ಬಿಪಿ ಔಷಧಿಗಳ ಜೋಡಿ ಪರೀಕ್ಷೆ: ಚಿಕ್ಕಮಗಳೂರಿನ ಟ್ರಯಲ್ ಕೇಂದ್ರದಲ್ಲಿ ಏನು ನೋಡಿಕೊಳ್ಳಬೇಕು

ಎರಡು ಔಷಧಿ ಸೇರಿಸಿ ಕೊಟ್ಟಾಗ ಬಿಪಿ ಇಳಿಯಿತು ಅಂದಮಾತ್ರಕ್ಕೆ ಜೋಡಿ ಗೆದ್ದ ಹಾಗಲ್ಲ. ಒಂದೊಂದೇ ಕೊಟ್ಟಾಗ ಇಳಿಯುವುದಕ್ಕಿಂತ ಹೆಚ್ಚು ಇಳಿಯಿತೇ ಎಂಬುದೇ ಪ್ರಶ್ನೆ. ಅದಕ್ಕೇ ಮೂರು ಗುಂಪು: ‘ಎ’ ಮಾತ್ರ, ‘ಬಿ’ ಮಾತ್ರ, ಎರಡೂ. ಎಲ್ಲರಿಗೂ ದಿನಕ್ಕೆ ಎರಡು ಮಾತ್ರೆ. ಒಂದೇ ಔಷಧಿ ಪಡೆಯುವವರಿಗೆ ಎರಡನೆಯದು ಇನ್ನೊಂದು ಔಷಧಿಯದೇ ಬಣ್ಣ, ಅದರದೇ ಗಾತ್ರದ, ಒಳಗೆ ಔಷಧಿಯಿಲ್ಲದ ಹುಸಿ ಮಾತ್ರೆ. ಇಲ್ಲದಿದ್ದರೆ ಯಾರು ಯಾವ ಗುಂಪು ಎಂಬ ಗುಟ್ಟು ಮಾತ್ರೆ ಕೊಡುವ ನರ್ಸಿಗೇ ತಿಳಿದುಬಿಡುತ್ತದೆ.

ಎಥಿಕ್ಸ್ ಕಮಿಟಿಯ (ರೋಗಿಗಳ ಹಿತ ಕಾಯುವ ಸಮಿತಿ) ಒಪ್ಪಿಗೆ, ಕೇಂದ್ರ ಸರ್ಕಾರದ ಔಷಧ ನಿಯಂತ್ರಕರ ಅನುಮತಿ, ಸಿಟಿಆರ್‌ಐ (ದೇಶದ ಟ್ರಯಲ್‌ಗಳ ಸಾರ್ವಜನಿಕ ದಾಖಲೆ ಪಟ್ಟಿ) ನೋಂದಣಿ ಮೊದಲ ರೋಗಿ ಸೇರುವ ಮುನ್ನವೇ ಮುಗಿದಿರಬೇಕು. ತೋಟದ ಆಳುಗಳನ್ನು ಸೇರಿಸಿಕೊಳ್ಳುವುದಾದರೆ ಒಪ್ಪಿಗೆ ಪತ್ರ ಕನ್ನಡದಲ್ಲಷ್ಟೇ ಇದ್ದರೆ ಸಾಲದು. ತಮಿಳರಿಗೆ, ಅಸ್ಸಾಮಿನಿಂದ ಬಂದವರಿಗೆ ಅವರವರ ಭಾಷೆಯಲ್ಲಿರಬೇಕು, ಆ ಅನುವಾದವನ್ನೂ ಕಮಿಟಿ ಒಪ್ಪಿರಬೇಕು. ಓದಲು ಬಾರದವರ ಹೆಬ್ಬೆಟ್ಟಿನ ಜೊತೆ ಸ್ವತಂತ್ರ ಸಾಕ್ಷಿಯ ಸಹಿ ಬೇಕು. ಆಳುಗಳ ಕೆಲಸ ನೋಡಿಕೊಳ್ಳುವ ತೋಟದ ರೈಟರನ್ನು ಮಾತ್ರ ಸಾಕ್ಷಿಯಾಗಿ ಕೂರಿಸಬೇಡಿ. ಅವರೆದುರು ‘ಒಲ್ಲೆ’ ಅನ್ನುವ ಧೈರ್ಯ ಎಷ್ಟು ಜನಕ್ಕಿದ್ದೀತು?

ಬಿಪಿ ನೋಡುವ ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. (ಈ ಜಿಲ್ಲೆಯಲ್ಲಿ ಇದನ್ನು ಪಾಲಿಸುವುದೇ ಕಷ್ಟ.) ಆ ದಿನದ ಮಾತ್ರೆ ನುಂಗುವ ಮೊದಲೇ, 5 ನಿಮಿಷ ಒರಗಿ ಕೂರಿಸಿ, ಪ್ರತಿಸಲವೂ ಅದೇ ತೋಳಿನಲ್ಲಿ, ಒಂದೊಂದು ನಿಮಿಷ ಬಿಟ್ಟು ಮೂರು ಸಲ ನೋಡಿ. ಮೊದಲನೆಯದನ್ನು ಬಿಟ್ಟು ಉಳಿದೆರಡರ ಸರಾಸರಿ ತೆಗೆಯಿರಿ. ತೋಳಿಗೆ ಕಟ್ಟುವ ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ.

ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು. ಆಗ ಕೂಲಿ ಬಿಟ್ಟು ಬನ್ನಿ ಅಂದರೆ ಬರುವವರಿಲ್ಲ. ಆದ್ದರಿಂದ ಭೇಟಿ 28 ದಿನಕ್ಕೊಮ್ಮೆ ಇದ್ದರೂ, ಬರುವುದು ತಡವಾದರೆ ಇರಲಿ ಎಂದು 35 ದಿನದ 70 ಮಾತ್ರೆ ಕೊಟ್ಟು ಕಳಿಸಿ. ಸರಿಯಾಗಿ 28ನೇ ದಿನ ಬಂದರೆ 14 ಉಳಿದಿರಬೇಕು. 20 ಉಳಿದಿದ್ದರೆ ನುಂಗಬೇಕಾದ 56ರಲ್ಲಿ 50 ನುಂಗಿದ್ದಾರೆ, ಅಂದರೆ ಶೇ 89. ಸಾಮಾನ್ಯವಾಗಿ ಶೇ 80 ದಾಟಿದರೆ ಸಾಕು. ಒಂದೂ ಉಳಿದಿಲ್ಲ ಅಂದರೆ ಹೆಚ್ಚು ಅನುಮಾನಪಡಿ: ಮಿಕ್ಕಿದ್ದನ್ನು ಎಸೆದಿರಬಹುದು, ಇಲ್ಲವೇ ಮನೆಯಲ್ಲಿ ಇನ್ಯಾರೋ ನುಂಗಿರಬಹುದು. ಬೈಯಬೇಡಿ, ಬೈದರೆ ಮುಂದಿನ ಸಲ ಲೆಕ್ಕ ಸರಿಮಾಡಿಕೊಂಡೇ ಬರುತ್ತಾರೆ.

ಮೆಡಿಕಲ್ ಸ್ಟೋರಿನಲ್ಲಿ ಕೊಂಡ ಎಲ್ಲ ಮಾತ್ರೆಗಳ ಖಾಲಿ ಸ್ಟ್ರಿಪ್ ತರಲು ಹೇಳಿ. ಮೈಕೈ ನೋವಿಗೆ ನುಂಗುವ ಡೈಕ್ಲೊಫೆನಾಕ್ ಬಿಪಿ ಏರಿಸುತ್ತದೆ. ಆಗ ಒಳ್ಳೆಯ ಜೋಡಿಯೂ ಸೋತಂತೆ ಕಾಣುತ್ತದೆ.

ಯಾರಾದರೂ ಆಸ್ಪತ್ರೆಗೆ ದಾಖಲಾದರೆ ಔಷಧ ನಿಯಂತ್ರಕರು, ಟ್ರಯಲ್ ನಡೆಸಿಸುತ್ತಿರುವ ಪ್ರಾಯೋಜಕರು, ಎಥಿಕ್ಸ್ ಕಮಿಟಿ ಮೂವರಿಗೂ 24 ಗಂಟೆಯೊಳಗೆ ತಿಳಿಸಬೇಕು. ಯಾವ ಗುಂಪಿನವರೆಂಬ ಗುಟ್ಟನ್ನು ಒಡೆಯುವುದು, ಅದು ತಿಳಿಯದೆ ಚಿಕಿತ್ಸೆ ಕೊಡಲಾಗದಿದ್ದರೆ ಮಾತ್ರ. ಒಡೆದವರ ಹೆಸರು, ಗಂಟೆ, ಕಾರಣ ಅಲ್ಲೇ ಬರೆದು ಸಹಿ ಹಾಕಿ.